ಹಳೇ ಬೀಟಲ್‌ನ ಹೀಟರ್ ಬಾಕ್ಸ್, ಸೈಲೆನ್ಸರ್‌ಗೆ ಯಾವ ಕೋಟಿಂಗ್? ಮಾಡಿಸಿದವರು ಹೇಳಿ

ಪ್ರಶ್ನೆ: ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರ 1965ರ ಫೋಕ್ಸ್‌ವ್ಯಾಗನ್ ಬೀಟಲ್ ಬಹಳ ವರ್ಷ ಶೆಡ್‌ನಲ್ಲೇ ನಿಂತಿತ್ತು. ಈಗ ಎಂಜಿನ್ ಇಳಿಸಿದ್ದೇವೆ. ಎಂಜಿನ್ ಕೆಲಸ ಸರಿಯಾಗಿ ನಡೀತಿದೆ. ತಲೆನೋವು ಇರುವುದು ಸೈಲೆನ್ಸರ್ ಮತ್ತು ಎರಡು ಹೀಟರ್ ಬಾಕ್ಸ್‌ಗಳದ್ದು. ಮೈತುಂಬ ತುಕ್ಕು, ಅದರ ಮೇಲೆ ಯಾರೋ ಯಾವಾಗಲೋ ಬಳಿದ ಸಿಲ್ವರ್ ಪೇಂಟು ಎದ್ದು ಬಂದಿದೆ.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಪೌಡರ್ ಕೋಟಿಂಗ್‌ನವರು (ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಬೇಯಿಸುವವರು) "ಎಲ್ಲಾ ಕೊಡಿ, ಕಪ್ಪಗೆ ಹೊಸದರ ಥರ ಮಾಡಿ ಕೊಡ್ತೀನಿ" ಅಂದರು. ಮೆಕ್ಯಾನಿಕ್ "ಮೈಸೂರಲ್ಲಿ ಹೀಟರ್ ಯಾಕೆ ಸಾರ್, ತೆಗೆದುಬಿಡಿ, ಬರೀ ಪೈಪ್ ಹಾಕೋಣ" ಅಂತಾರೆ. ಸ್ನೇಹಿತರೊಬ್ಬರು ಸೆರಾಮಿಕ್ ಕೋಟಿಂಗ್ ಅಂತಾರೆ, ಇನ್ನೊಬ್ಬರು ಗ್ಯಾಲ್ವನೈಸ್ (ಸತುವಿನ ಲೇಪ) ಅಂತಾರೆ. ಖರ್ಚಿಗೆ ತಯಾರಿದ್ದೇನೆ, ಆದರೆ ಸುಮ್ನೆ ದುಡ್ಡು ಸುರಿಯೋಕೆ ಇಷ್ಟ ಇಲ್ಲ. ನೀವೆಲ್ಲ ಏನು ಮಾಡಿಸಿದಿರಿ?

ಉತ್ತರ: ಜಯಲಕ್ಷ್ಮೀಪುರಂ, ಮೈಸೂರು

ಸಾರ್, ಬಣ್ಣದ ಮಾತು ಆಮೇಲೆ. ಮೊದಲು ಆ ಬಾಕ್ಸ್ ಒಳಗಿನ ಪೈಪ್ ತೂತಾಗಿದೆಯಾ ನೋಡಿ.

ಯಾಕೆ ಅಂತ ಹೇಳ್ತೀನಿ. ಬೀಟಲ್‌ಗೆ ರೇಡಿಯೇಟರ್ ಇಲ್ಲ, ಬಿಸಿನೀರಿನ ಹೀಟರ್ ಕೂಡ ಇಲ್ಲ. 1 ಮತ್ತು 3ನೇ ಸಿಲಿಂಡರ್‌ನ ಎಕ್ಸಾಸ್ಟ್ ಪೈಪ್ ಈ ಹೀಟರ್ ಬಾಕ್ಸ್ ಮೂಲಕವೇ ಹಾದು ಸೈಲೆನ್ಸರ್‌ಗೆ ಹೋಗುತ್ತದೆ. ಪೈಪ್ ಸುತ್ತ ಅಲ್ಯೂಮಿನಿಯಂ ರೆಕ್ಕೆಗಳು, ಅದರ ಮೇಲೆ ತಗಡಿನ ಕವಚ. ಎಂಜಿನ್ ಫ್ಯಾನ್ ಊದುವ ಗಾಳಿ ಆ ರೆಕ್ಕೆಗಳ ನಡುವೆ ಬಿಸಿಯಾಗಿ, ಬಾಗಿಲ ಕೆಳಗಿನ ಟೊಳ್ಳು ದಾರಿಯಲ್ಲಿ ಕಾರಿನೊಳಕ್ಕೆ ಬರುತ್ತದೆ. 1963ರ ಮಾಡೆಲ್‌ಗಿಂತ ಹಿಂದಿನವುಗಳಲ್ಲಿ ಸಿಲಿಂಡರ್ ಮೇಲೆ ಹಾದ ಗಾಳಿಯೇ ಒಳಗೆ ಬರುತ್ತಿತ್ತು, ಎಣ್ಣೆ ವಾಸನೆ ಸಮೇತ. ನಿಮ್ಮದು ಆಮೇಲಿನದು, ಫ್ಯಾನ್‌ನಿಂದ ನೇರ ಹೊಸ ಗಾಳಿ ತಗೊಳ್ಳುತ್ತೆ.

ಅಂದರೆ ಹೊಗೆಗೂ ನೀವು ಉಸಿರಾಡುವ ಗಾಳಿಗೂ ನಡುವೆ ಇರುವುದು ಆ ಒಂದು ಪೈಪ್‌ನ ಗೋಡೆ ಮಾತ್ರ. ಅದು ತಿಂದುಹೋಗಿದ್ದರೆ ಕಾರ್ಬನ್ ಮಾನಾಕ್ಸೈಡ್ ನೇರ ಒಳಗೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ ಆಗುತ್ತೆ, ನಿದ್ದೆ ಬಂದ ಹಾಗಾಗುತ್ತೆ, ಪ್ರಯಾಣದ ಆಯಾಸ ಅಂದುಕೊಂಡು ಸುಮ್ಮನಾಗ್ತೀವಿ. ಹೊರಗಿನ ಕವಚ ಫಳಫಳ ಹೊಳೀತಿದ್ದರೂ ಒಳಗಿನ ಪೈಪ್ ಜರಡಿ ಆಗಿರಬಹುದು. ಕೋಟಿಂಗ್ ಮಾಡಿಸಿದ ಮೇಲಂತೂ ಹೊರಗಿನಿಂದ ಏನೂ ಗೊತ್ತಾಗಲ್ಲ.

ಪರೀಕ್ಷೆ ಸುಲಭ. ಎಕ್ಸಾಸ್ಟ್ ಪೈಪ್‌ನ ಒಂದು ಬಾಯಿಗೆ ರಬ್ಬರ್ ಹಾಳೆ ಇಟ್ಟು ತಗಡಿನ ಪ್ಲೇಟ್ ಬೋಲ್ಟ್ ಮಾಡಿ. ಇನ್ನೊಂದು ಬಾಯಿಗೆ ಅದೇ ರೀತಿ ಪ್ಲೇಟ್ ಹಾಕಿ, ಅದಕ್ಕೊಂದು ಟ್ಯೂಬ್ ವಾಲ್ವ್ ಕೂರಿಸಿ. ಸೈಕಲ್ ಪಂಪ್‌ನಲ್ಲಿ ಗಾಳಿ ಹೊಡೆಯಿರಿ, ಜಾಸ್ತಿ ಒತ್ತಡ ಬೇಡ. ಈಗ ಬಾಕ್ಸ್ ಪೂರ್ತಿ ನೀರಿನ ಡ್ರಮ್‌ನಲ್ಲಿ ಮುಳುಗಿಸಿ. ಕವಚದ ಬಾಯಿಯಿಂದ ಗುಳ್ಳೆ ಬಂದರೆ ಒಳಗೆ ತೂತಿದೆ. ಮುಳುಗಿಸಿದಾಗ ಕವಚದಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಮೊದಲು ಭುಸ್ ಅಂತ ಬರುತ್ತೆ, ಅದನ್ನ ನೋಡಿ ಗಾಬರಿ ಬೇಡ. ಅಲುಗಾಡಿಸಿ, ಅದು ನಿಂತ ಮೇಲೂ ಒಂದೇ ಕಡೆಯಿಂದ ಸಣ್ಣ ಗುಳ್ಳೆ ಸಾಲಾಗಿ ಏಳ್ತಾ ಇದ್ದರೆ ಅದೇ ಲೀಕ್. ಆಮೇಲೆ ಚೆನ್ನಾಗಿ ಒಣಗಿಸಿ.

ಇದರಲ್ಲಿ ಪಾಸಾದರೆ ಮಾತ್ರ ಮುಂದಿನ ಮಾತು.

ತುಕ್ಕು ತೆಗೆಸುವಾಗ ಒಂದು ಎಚ್ಚರ. ಪ್ಲೇಟಿಂಗ್ ಅಂಗಡಿಗೆ ಕೊಟ್ಟರೆ ಅವರು ಅಭ್ಯಾಸ ಬಲದಿಂದ ಕಾಸ್ಟಿಕ್ ಸೋಡಾ ತೊಟ್ಟಿಗೋ ಆಸಿಡ್ ತೊಟ್ಟಿಗೋ ಅದ್ದಿಬಿಡ್ತಾರೆ. ಕಬ್ಬಿಣಕ್ಕೆ ಕಾಸ್ಟಿಕ್ ಏನೂ ಮಾಡಲ್ಲ, ಒಳಗಿನ ಅಲ್ಯೂಮಿನಿಯಂ ರೆಕ್ಕೆಗಳನ್ನ ಮಾತ್ರ ಕರಗಿಸಿಬಿಡುತ್ತೆ. ಹೊರಗೆ ನೋಡಿದರೆ ಬಾಕ್ಸ್ ಕ್ಲೀನ್, ಒಳಗೆ ಹೀಟರೇ ಇಲ್ಲ. ಆಸಿಡ್ ಆದರೆ ಮಡಿಕೆಗಳ ಸಂದಿಯಲ್ಲಿ ಉಳಿದು ತಿಂಗಳುಗಟ್ಟಲೆ ತಿನ್ನುತ್ತೆ. ಹಾಗಾಗಿ ಹೀಟರ್ ಬಾಕ್ಸ್‌ಗೆ ಬ್ಲಾಸ್ಟಿಂಗ್ ಮಾತ್ರ, ಅಂದರೆ ಗಾಳಿಯ ಒತ್ತಡದಲ್ಲಿ ಪುಡಿ ಹೊಡೆದು ತುಕ್ಕು ತೆಗೆಯೋದು. ಅದೂ ಗಾಜಿನ ಪುಡಿ ಅಥವಾ ಗಾರ್ನೆಟ್‌ನಲ್ಲಿ. ಹೊಳೆ ಮರಳು ಬೇಡ, ಅದರ ಧೂಳು ಹೊಡೆಯುವವನ ಶ್ವಾಸಕೋಶ ಹಾಳು ಮಾಡುತ್ತೆ. ಎಲ್ಲಾ ಬಾಯಿಗಳಿಗೂ ಬಟ್ಟೆ ತುರುಕಿ ಮೇಲೆ ಟೇಪ್ ಸುತ್ತಿ, ನೀವೇ ನಿಂತು ಮಾಡಿ, ಅವರ ಮೇಲೆ ಬಿಡಬೇಡಿ. ಒಳಗೆ ಪುಡಿ ಉಳಿದರೆ ಮೊದಲ ಸಲ ಹೀಟರ್ ಹಾಕಿದ ದಿನ ಮುಖಕ್ಕೇ ಬರುತ್ತೆ.

ಇನ್ನು ಪೌಡರ್ ಕೋಟಿಂಗ್. ಮಾಮೂಲಿ ಪೌಡರ್ ಬೇಯುವುದೇ 180ರಿಂದ 200 ಡಿಗ್ರಿಯಲ್ಲಿ. ಘಾಟಿ ಹತ್ತುವಾಗ ಎಂಜಿನ್‌ನ ಸಿಲಿಂಡರ್ ಹೆಡ್ ಪಕ್ಕದ ಪೈಪ್ 500 ಡಿಗ್ರಿ ದಾಟುತ್ತೆ. ಉಳಿಯುತ್ತಾ? ಕಪ್ಪಾಗಿ, ಗುಳ್ಳೆ ಎದ್ದು, ಸಿಪ್ಪೆ ಸಿಪ್ಪೆಯಾಗಿ ಬರುತ್ತೆ. ಬಿಸಿಗೇ ಅಂತ ಮಾಡಿದ ಸಿಲಿಕೋನ್ ಪೌಡರ್ ಬೇರೆ ಇದೆ, ಅದು ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಅವರಿಗೆ ಫ್ಯಾನ್ ಹೌಸಿಂಗ್, ಎಂಜಿನ್ ಸುತ್ತಲಿನ ತಗಡುಗಳನ್ನ ಕೊಡಿ. ಅದಕ್ಕೆ ಪೌಡರ್ ಚೆನ್ನಾಗಿ ನಿಲ್ಲುತ್ತೆ.

ಸೆರಾಮಿಕ್ ಒಳ್ಳೆಯದೇ, ತಕರಾರಿಲ್ಲ. ಆದರೆ ಅರ್ಧ ಆಯಸ್ಸು ಮುಗಿದ ಹಳೇ ಬಾಕ್ಸ್‌ಗೆ ಅಷ್ಟು ದುಡ್ಡು ಹಾಕುವುದು ನನಗೆ ಸರಿ ಕಾಣಲ್ಲ. ಹೊಸ ಸೈಲೆನ್ಸರ್ ತಗೊಂಡರೆ ಅದಕ್ಕೆ ಮಾಡಿಸಿ. ಹಳೇದಕ್ಕೆ 600 ಡಿಗ್ರಿಯ ಸಿಲಿಕೋನ್ ಪೇಂಟ್ ಸಾಕು.

ಉತ್ತರ: ಮಂಡ್ಯ, ನಿವೃತ್ತ ಫಿಟ್ಟರ್

ನಾನು ಕಾರಿನವನಲ್ಲ, ಸಕ್ಕರೆ ಕಾರ್ಖಾನೆ ಬಾಯ್ಲರ್ ಕಡೆ ಕೆಲಸ ಮಾಡಿದವನು. ಬಿಸಿ ಪೈಪಿಗೆ ಬಣ್ಣ ಹೊಡೆಯೋದರಲ್ಲೇ ಕೂದಲು ಬೆಳ್ಳಗಾಗಿರೋದು, ಅದಕ್ಕೆ ಬರೀತಿದ್ದೀನಿ.

"ಹೀಟ್ ರೆಸಿಸ್ಟೆಂಟ್ ಅಲ್ಯೂಮಿನಿಯಂ" ಅಂತ ಕೇಳಿದ ತಕ್ಷಣ ಅಂಗಡಿಯವನು ಕೈಗೆ ಸಿಕ್ಕ ಡಬ್ಬ ಕೊಡ್ತಾನೆ. ಅದರಲ್ಲಿ 200ಕ್ಕೆ ಬೇರೆ, 400ಕ್ಕೆ ಬೇರೆ, 600ಕ್ಕೆ ಬೇರೆ ಇರುತ್ತೆ. ನೋಡೋಕೆ ಎಲ್ಲಾ ಒಂದೇ ಬೆಳ್ಳಿ ಬಣ್ಣ. ಡಬ್ಬದ ಮೇಲೆ ಓದಿ ತಗೊಳ್ಳಿ. ನಿಮ್ಮ ಕಾರಿನ ಮೇಲೆ ಎದ್ದು ಬಂದಿದೆ ಅಂದ್ರಲ್ಲ, ಅದು ಗೇಟಿಗೆ ಹೊಡೆಯೋ ಸಿಲ್ವರ್ ಪೇಂಟೇ ಇರಬೇಕು.

ಕೆಳಗೆ ರೆಡ್ ಆಕ್ಸೈಡ್ ಬೇಡ, ಪ್ರೈಮರ್ ಬೇಡ, ಪುಟ್ಟಿ ಅಂತೂ ಬೇಡವೇ ಬೇಡ. ಬರೀ ಕಬ್ಬಿಣದ ಮೇಲೆ ನೇರ. ಬ್ಲಾಸ್ಟ್ ಆದ ಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರಿಗೈಲಿ ಮುಟ್ಟಬೇಡಿ, ಬೆವರಿನ ಗುರುತಿನ ಮೇಲೇ ತುಕ್ಕು ಏಳುತ್ತೆ. ಅದೇ ದಿನ ಬಣ್ಣ ಆಗಬೇಕು. ಮಳೆಗಾಲದಲ್ಲಿ ಆದರೆ ಊಟಕ್ಕೆ ಹೋಗಿ ಬರೋದರೊಳಗೆ ಕೆಂಪಗಾಗಿರುತ್ತೆ.

ಎಲ್ಲರೂ ಕೆಡಿಸೋದು ದಪ್ಪ ಹೊಡೆದು. ಈ ಬಣ್ಣ ತೆಳ್ಳಗಿದ್ದಷ್ಟೂ ಬಾಳಿಕೆ. ಒಂದು ಕೋಟ್ ಒಣಗಿದ ಮೇಲೆ 20, 25 ಮೈಕ್ರಾನ್ ಇದ್ದರೆ ಸಾಕು. ಕೆಳಗಿನ ಕಬ್ಬಿಣ ಕಾಣೋ ಹಾಗಿದೆಯಲ್ಲ ಅನ್ನಿಸುತ್ತೆ, ಅನ್ನಿಸಲಿ ಬಿಡಿ. ದಪ್ಪ ಆದರೆ ಬಿಸಿಗೆ ಬೊಬ್ಬೆ ಬರುತ್ತೆ.

ಗ್ಯಾಲ್ವನೈಸ್ ಮಾತು ಬಿಟ್ಟುಬಿಡಿ. ಸತು ಕರಗೋದೇ 419 ಡಿಗ್ರಿಗೆ. ಬಹಳ ದಿನ 200 ದಾಟಿದ ಬಿಸಿಯಲ್ಲಿದ್ದರೇ ಪದರ ಬಿಡೋಕೆ ಶುರು ಆಗುತ್ತೆ. ನಾಳೆ ಅದರ ಮೇಲೆ ವೆಲ್ಡಿಂಗ್ ಮಾಡಿಸಬೇಕಾದರೆ ಆ ಬಿಳಿ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಗ್ಯಾರಂಟಿ. ಹಳೇ ಮೆಕ್ಯಾನಿಕ್‌ಗಳು ಪೈಪಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತಿರ್ತಾರೆ. ಅದಿದ್ದರೆ ಒಣಗಿದ್ದಾಗ ಕೀಳಬೇಡಿ, ನೀರು ಹಾಕಿ ನೆನೆಸಿ, ಮಾಸ್ಕ್ ಹಾಕ್ಕೊಂಡು ತೆಗೀರಿ.

ಉತ್ತರ: ಯಾದವಗಿರಿ, ಮೈಸೂರು

ಸಾರ್ ಹೇಳಿದ್ದು ಸರಿ, ಆದರೆ ಎಲ್ಲರೂ ಹೊರಗಿನದ್ದೇ ಮಾತಾಡ್ತಿದ್ದೀರ. ಸೈಲೆನ್ಸರ್ ಕೊಳೆಯೋದು ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ. ದೂರ ಓಡಿಸಿದರೆ ಆವಿಯಾಗಿ ಹೋಗುತ್ತೆ. ಭಾನುವಾರ ಶೆಡ್‌ನಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋ ಅಭ್ಯಾಸ ಇದೆಯಲ್ಲ, ಅದರಿಂದ ಆ ನೀರೆಲ್ಲ ಒಳಗೇ ನಿಲ್ಲುತ್ತೆ. ಸ್ಟಾರ್ಟ್ ಮಾಡಿದರೆ ಬನ್ನೂರಿನವರೆಗಾದರೂ ಹೋಗಿ ಬನ್ನಿ. ಇಲ್ಲ ಅಂದರೆ ಮಾಡಲೇಬೇಡಿ.

ನಮ್ಮದು ಜಾವಾ ಬೈಕ್‌ಗಳ ಮನೆ. ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆ ಗಾಡಿಗಳ ಸೈಲೆನ್ಸರ್‌ಗೆ ಕ್ರೋಮ್ ಮಾಡೋ ಕೈಗಳು ಊರಲ್ಲಿ ಇನ್ನೂ ಇವೆ. ನಿಮ್ಮ ಕಾರಿನ ಹಿಂದಿನ ಎರಡು ಸಣ್ಣ ಟೇಲ್ ಪೈಪ್‌ಗಳನ್ನ ಅಂಥವರಿಗೇ ಕೊಡಿ. ಕ್ರೋಮ್ ಕೆಳಗೆ ನಿಕ್ಕಲ್ ದಪ್ಪ ಹಾಕಿ ಅಂತ ಬಾಯಿಬಿಟ್ಟು ಹೇಳಿ. ತುಕ್ಕು ತಡೆಯೋದು ನಿಕ್ಕಲ್, ಕ್ರೋಮ್ ಬರೀ ಹೊಳಪಿಗೆ. ಹೆಡ್ ಹತ್ತಿರದ ಪೈಪ್‌ಗೆ ಕ್ರೋಮ್ ಬೇಡ, ನೀಲಿ ತಿರುಗುತ್ತೆ. ಹೊಸ ಸೈಲೆನ್ಸರ್ ಮಾಡಿಸೋದಾದರೆ 304 ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಟಿಗ್ ವೆಲ್ಡಿಂಗ್ ಮಾಡಿಸಿ, ಬಣ್ಣದ ಗೋಜೇ ಇಲ್ಲ.

ಬಟ್ಟೆ ಥರದ ಎಕ್ಸಾಸ್ಟ್ ರ‍್ಯಾಪ್ ಸುತ್ತೋದು ಬೇಡ. ಮಳೆ ನೀರು ಹಿಡಿದುಕೊಂಡು ಪೈಪನ್ನ ಕೊಳೆಸುತ್ತೆ.

ಉತ್ತರ: ಶ್ರೀರಂಗಪಟ್ಟಣ

ನಾನು ಹೀಟರ್ ಬಾಕ್ಸ್ ತೆಗೆದು ನೇರ ಪೈಪ್ ಹಾಕಿಸಿದವನು, ಆರಾಮಾಗಿದ್ದೀನಿ. ಹೊಗೆಯ ಭಯ ಇಲ್ಲ. ಆದರೆ ಮೆಕ್ಯಾನಿಕ್ ಹೇಳದ ಒಂದು ವಿಷಯ: ಫ್ಯಾನ್ ಹೌಸಿಂಗ್‌ನಿಂದ ಹೀಟರ್ ಬಾಕ್ಸ್‌ಗೆ ಗಾಳಿ ಹೋಗುವ ಎರಡು ದಪ್ಪ ಹೋಸ್ ಇರುತ್ತಲ್ಲ, ಆ ಎರಡೂ ಬಾಯಿಗೆ ಮುಚ್ಚಳ ಹಾಕಲೇಬೇಕು. ಬಿಟ್ಟರೆ ಸಿಲಿಂಡರ್‌ಗೆ ಹೋಗಬೇಕಾದ ತಂಪು ಗಾಳಿ ಅಲ್ಲೇ ಸೋರಿ ಎಂಜಿನ್ ಬಿಸಿಯಾಗುತ್ತೆ.

ಉತ್ತರ: ಜಯಲಕ್ಷ್ಮೀಪುರಂ, ಮತ್ತೆ

ಅವರ ಮಾತು ಒಪ್ಪುತ್ತೇನೆ, ಊರೊಳಗೇ ಓಡಿಸುವುದಾದರೆ. ಊಟಿಗೆ ಹೋಗುವ ಆಸೆ ಇದ್ದರೆ ಬಾಕ್ಸ್ ಉಳಿಸಿಕೊಳ್ಳಿ. ಬಂಡೀಪುರದ ಗೇಟು ಬೆಳಿಗ್ಗೆ ಆರಕ್ಕೆ ತೆಗೆಯೋ ಹೊತ್ತಿಗೆ ಹೊರಟರೆ ಮಂಜಲ್ಲಿ ಮುಂದಿನ ಗಾಜು ಮಬ್ಬಾಗುತ್ತೆ. ಅದನ್ನ ತೆಗೆಯೋಕೆ ಈ ಕಾರಿನಲ್ಲಿ ಹೀಟರ್ ಗಾಳಿ ಬಿಟ್ಟರೆ ಬೇರೆ ಉಪಾಯ ಇಲ್ಲ, ಹೀಟರ್ ಇಲ್ಲದಿದ್ದರೆ ಒಂದು ಕೈಯಲ್ಲಿ ಬಟ್ಟೆ ಹಿಡಿದು ಓಡಿಸಬೇಕು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡ್ರಮ್ ಪರೀಕ್ಷೆ ಮಾಡಿದೆವು. ಎಡಗಡೆ ಬಾಕ್ಸ್ ಚೆನ್ನಾಗಿದೆ, ಒಂದು ಗುಳ್ಳೆಯೂ ಇಲ್ಲ. ಬಲಗಡೆಯದರಲ್ಲಿ ಬಿಸಿಗಾಳಿ ಬಿಡುವ, ತಡೆಯುವ ಫ್ಲ್ಯಾಪ್ ಪಕ್ಕದಿಂದ ಸಾಲಾಗಿ ಗುಳ್ಳೆ ಬರ್ತಿದೆ. ವೆಲ್ಡಿಂಗ್ ಮಾಡಿಸಬಹುದಾ? ಇನ್ನೊಂದು, ಆ ಸಿಲಿಕೋನ್ ಪೇಂಟನ್ನ ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡೋದು ಹೇಗೆ? ಮನೆ ಓವನ್‌ನಲ್ಲಿ ಆಗುತ್ತಾ?

ಉತ್ತರ: ಜಯಲಕ್ಷ್ಮೀಪುರಂ

ವೆಲ್ಡಿಂಗ್ ಬೇಡ ಸಾರ್. ಕವಚ ಕೊಯ್ದು ತೆಗೆಯಬೇಕು, ಪಕ್ಕದಲ್ಲೇ ಅಲ್ಯೂಮಿನಿಯಂ, ಅದು 660 ಡಿಗ್ರಿಗೆ ಕರಗುತ್ತೆ. ಒಂದು ತೂತು ಮುಚ್ಚಿದರೂ ಪಕ್ಕದ ಗೋಡೆ ಅಷ್ಟೇ ತೆಳುವಾಗಿರುತ್ತೆ. ಬಲಗಡೆಗೆ ಬೇರೆ ಬಾಕ್ಸ್ ತರಿಸಿ. ಹೊಸ ನಕಲು ಬಾಕ್ಸ್ ತಗೊಳ್ಳುವ ಮೊದಲು ಒಳಗೆ ಟಾರ್ಚ್ ಬಿಟ್ಟು ನೋಡಿ. ಕೆಲವದರಲ್ಲಿ ರೆಕ್ಕೆಗಳು ಕಮ್ಮಿ, ಬಿಸಿ ಅಷ್ಟಕ್ಕಷ್ಟೇ.

ಅಡುಗೆ ಓವನ್‌ನಲ್ಲಿ ದಯವಿಟ್ಟು ಬೇಡ. ಸಾಮಾನ್ಯವಾಗಿ ಮೂರು ಹಂತ: 120 ಡಿಗ್ರಿ ಅರ್ಧ ಗಂಟೆ, ಆರಿಸಿ, 200 ಅರ್ಧ ಗಂಟೆ, ಮತ್ತೆ ಆರಿಸಿ, ಆಮೇಲೆ 315ರ ಆಸುಪಾಸು. ನಿಮ್ಮ ಡಬ್ಬದ ಮೇಲೆ ಬೇರೆ ಬರೆದಿದ್ದರೆ ಅದೇ ಫೈನಲ್. ಮೊದಲೆರಡು ಹಂತ ಆ ಪೌಡರ್ ಕೋಟಿಂಗ್‌ನವರ ಓವನ್‌ನಲ್ಲೇ ಮಾಡಿಸಿ. ಮೂರನೆಯದು ಅವರ ಓವನ್‌ಗೆ ಸಿಗಲ್ಲ, ಗಾಡಿ ಮೇಲೇ ಆಗಬೇಕು. ಹತ್ತು ನಿಮಿಷ ಐಡಲ್, ಪೂರ್ತಿ ಆರಲಿ. ಇಪ್ಪತ್ತು ನಿಮಿಷ, ಮತ್ತೆ ಆರಲಿ. ಆಮೇಲೆ ರಸ್ತೆಗೆ. ಹೊಗೆ ಬರುತ್ತೆ, ಬಯಲಲ್ಲಿ ಮಾಡಿ, ಹೀಟರ್ ಮುಚ್ಚಿ, ಕಿಟಕಿ ತೆಗೆದಿಡಿ.

ಜೋಡಿಸುವಾಗ ಗ್ಯಾಸ್ಕೆಟ್ ಎಲ್ಲಾ ಹೊಸದು. ನಟ್ ತಾಮ್ರ ಲೇಪದ್ದು ಹಾಕಿ, ಸ್ಟಡ್‌ಗೆ ಕಾಪರ್ ಗ್ರೀಸ್ ಸವರಿ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಮುರಿದರೆ ಎಂಜಿನ್ ಮತ್ತೆ ಕೆಳಗೆ. ರಾಕರ್ ಕವರ್‌ನಿಂದ, ಪುಶ್‌ರಾಡ್ ಟ್ಯೂಬ್ ಸೀಲ್‌ನಿಂದ ಎಣ್ಣೆ ಸೋರುತ್ತಿದ್ದರೆ ಈಗಲೇ ಸರಿಮಾಡಿ, ಅದು ತೊಟ್ಟಿಕ್ಕುವುದು ನೇರ ಈ ಹೊಸ ಬಣ್ಣದ ಮೇಲೆ. ಮತ್ತೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ತಗೊಂಡು ಡ್ಯಾಶ್‌ಬೋರ್ಡ್ ಮೇಲಿಡಿ. ಸೆರಾಮಿಕ್‌ಗೆ ಎತ್ತಿಟ್ಟ ದುಡ್ಡಲ್ಲಿ ಅದು ಬಂದು ಇನ್ನೂ ಬೇಕಾದಷ್ಟು ಉಳಿಯುತ್ತೆ.

ಉತ್ತರ: ಶ್ರೀರಂಗಪಟ್ಟಣ

ಬಲಗಡೆಯ ಹಳೇ ಬಾಕ್ಸನ್ನ ಗುಜರಿಗೆ ಹಾಕಬೇಡಿ ಸಾರ್. ಅದರ ಫ್ಲ್ಯಾಪ್, ಲಿವರ್, ಕೇಬಲ್ ಕ್ಲಾಂಪ್ ಬಿಚ್ಚಿ ಝಿಂಕ್ ಪ್ಲೇಟಿಂಗ್ ಮಾಡಿಸಿಡಿ, ಅಲ್ಲಿನ ಕಮ್ಮಿ ಬಿಸಿಗೆ ಅವಕ್ಕೆ ಝಿಂಕ್ (ಸತು) ನಡೆಯುತ್ತೆ. ಹೊಸದರ ಜೊತೆ ಬರೋ ಕ್ಲಾಂಪ್ ಬೇಗ ಮುರಿಯುತ್ತೆ. ನಿಮಗೆ ಬೇಡದಿದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ.