ಪಿಎಂ 2.5: ಕ್ಯಾಮ್ಸ್ 22, ಜಿಯೋಸ್-ಸಿಎಫ್ 35, ನನ್ನ ಸೆನ್ಸರ್ 118. ಯಾರನ್ನ ನಂಬಲಿ?

ಕಣದಮನೆ (ನಾಪೋಕ್ಲು ಹತ್ರ):
ಹದಿನೈದು ದಿನದಿಂದ ತಲೆ ಕೆಟ್ಟುಹೋಗಿದೆ. ಗಾಳಿಯಲ್ಲಿ ಸಣ್ಣ ಧೂಳು-ಹೊಗೆ ಕಣ (ಪಿಎಂ 2.5) ಎಷ್ಟಿದೆ ಅಂತ ಲೆಕ್ಕ ಹಾಕಿ ಹೇಳೋ ಕಂಪ್ಯೂಟರ್ ಮಾಡೆಲ್‌ಗಳು, ಯುರೋಪಿನವರ ಕ್ಯಾಮ್ಸ್, ನಾಸಾದವರ ಜಿಯೋಸ್-ಸಿಎಫ್, ಎರಡನ್ನೂ ದಿನಾ ಇಳಿಸಿಕೊಂಡು ನನ್ನ ಸೆನ್ಸರ್ ಗ್ರಾಫ್ ಪಕ್ಕ ಇಡ್ತಿದೀನಿ. ನಿನ್ನೆ ಬೆಳಗ್ಗೆ ಏಳೂವರೆಗೆ ಸೆನ್ಸರ್ 118 ಮೈಕ್ರೋಗ್ರಾಂ ತೋರಿಸ್ತು. ಮಾಡೆಲ್‌ಗಳ ಇಡೀ ದಿನದ ಗರಿಷ್ಠವೇ 22 ಮತ್ತು 35. ಅದೂ ರಾತ್ರಿ ಎರಡು ಗಂಟೆಗಂತೆ! ಆ ಹೊತ್ತಲ್ಲಿ ಇಲ್ಲಿ ಯಾರು ಒಲೆ ಹಚ್ತಾರೆ? ಸೆನ್ಸರ್ ಹೊಸದು, ಸರಿಯಾಗೇ ಇದೆ. ಯಾವ ಮಾಡೆಲ್ ಬಿಡಬೇಕು, ಅಷ್ಟು ಹೇಳಿ.

ಮಳೆಮಾಪಕ:
ಯಾವ ಸೆನ್ಸರ್ ಅಂತಲೇ ಬರೆದಿಲ್ಲ ಸರ್. ಇರಲಿ, ಇದು ಗ್ರಿಡ್ ಸಮಸ್ಯೆ, ಬೇರೇನಲ್ಲ. ಮಾಡೆಲ್ ನೆಲವನ್ನ ಚೌಕ ಚೌಕ ಮಾಡಿ ಒಂದು ಚೌಕಕ್ಕೆ ಒಂದೇ ಅಂಕಿ ಕೊಡುತ್ತೆ. ಕ್ಯಾಮ್ಸ್‌ನ ಒಂದು ಚೌಕ 0.4 ಡಿಗ್ರಿ, ಅಂದ್ರೆ 40 ಕಿ.ಮೀ. ಮೇಲೆ. ನಮ್ಮ ಜಿಲ್ಲೆ 4,102 ಚದರ ಕಿ.ಮೀ., ಎರಡು-ಮೂರು ಚೌಕಕ್ಕೆ ಕೊಡಗೇ ಮುಗಿದುಹೋಯ್ತು. ಸಂಪಾಜೆ ಘಾಟಿಯ ತಳವೂ ಮಡಿಕೇರಿಯೂ ಅದಕ್ಕೆ ಒಂದೇ ಇಳಿಜಾರು. ಕಣಿವೆಯಲ್ಲಿ ತಣ್ಣನೆ ಗಾಳಿ ಕೂತು ಹೊಗೆ ಮೇಲೇಳದೆ ನಿಲ್ಲೋದು ಅದರ ಕಣ್ಣಿಗೆ ಬೀಳಲ್ಲ. ಜಿಯೋಸ್-ಸಿಎಫ್ 0.25 ಡಿಗ್ರಿ, ಅದೇನು ಮಹಾ.

ಏಲಕ್ಕಿ47:
ಗ್ರಿಡ್ ಆಮೇಲೆ. ನಿನ್ನೆ ಬೆಳಗ್ಗೆ ಮಂಜಿತ್ತಾ?

ಕಣದಮನೆ:
ಮಂಜು ಯಾವತ್ತಿಲ್ಲ ಇಲ್ಲಿ? ಎದುರಿನ ಸಿಲ್ವರ್ ಓಕ್ ಕಾಣ್ತಿರಲಿಲ್ಲ. ಸೆನ್ಸರ್ ಪಿಎಂಎಸ್5003.

ಏಲಕ್ಕಿ47:
ಸಿಕ್ತಲ್ಲ. ಅದು ಲೇಸರ್ ಬೆಳಕು ಚದುರೋದನ್ನ ನೋಡಿ ಲೆಕ್ಕ ಹಾಕುತ್ತೆ, ತೂಗಲ್ಲ. ತೇವ 85% ದಾಟಿದ್ರೆ ಕಣ ನೀರು ಕುಡಿದು ಊದಿಕೊಳ್ಳುತ್ತೆ, ಮಂಜಿನ ಹನಿಯೂ ಧೂಳಿನ ಲೆಕ್ಕಕ್ಕೇ ಸೇರುತ್ತೆ. ಜಿಯೋಸ್-ಸಿಎಫ್ ವೇರಿಯಬಲ್ ಹೆಸರಲ್ಲೇ 'ಆರ್‌ಎಚ್35' ಇದೆ ನೋಡಿ: 35% ತೇವದಲ್ಲಿ ಆ ಕಣ ಎಷ್ಟು ತೂಗುತ್ತೋ ಅಷ್ಟು. ನೀವು ಹಸಿ ಕಾಫಿ ಹಣ್ಣು ತೂಗಿ ಒಣ ಚೆರ್ರಿ ಲೆಕ್ಕಕ್ಕೆ ಜಗಳ ಆಡ್ತಿದೀರಿ.

ಮಳೆಮಾಪಕ:
ಮಂಜು ಕುಶಾಲನಗರದಲ್ಲೂ ಬೀಳುತ್ತೆ, ಅಲ್ಲಿ ನನ್ನ ಭಾವನ ಸೆನ್ಸರ್ 50 ದಾಟಲ್ಲ. ಬಯಲು ನೋಡಿ, ಗ್ರಿಡ್ ಅಲ್ಲಿ ಹೊಂದುತ್ತೆ.

ಬೆಟ್ಟದಮೇಲೆ:
ಕೊಡಗಿನ ಗಾಳಿಗೇ ಮಾಲಿನ್ಯದ ಪಟ್ಟ ಕಟ್ತೀರಲ್ಲ, ಬೆಂಗಳೂರಿಗೆ ಹೋಗಿ ನೋಡಿ. ನಮ್ಮ ದೇಶದ ಮಿತಿ 60.

ಏಲಕ್ಕಿ47:
ಅದು 24 ಗಂಟೆಯ ಸರಾಸರಿಗೆ. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2021ರಲ್ಲಿ ತನ್ನ 24 ಗಂಟೆಯ ಮಿತಿಯನ್ನ 15ಕ್ಕೆ ಇಳಿಸಿದೆ. ಒಂದು ಗಂಟೆಯ ಅಂಕಿಗೆ ಎರಡೂ ಹೊಂದಲ್ಲ.

ಬೆಟ್ಟದಮೇಲೆ:
ಡಬ್ಲ್ಯುಎಚ್‌ಒ ನಮ್ಮ ತೋಟಕ್ಕೆ ಬಂದಿತ್ತಾ?

ಗೋಣಿಕೊಪ್ಪ_ಸೋಲಾರ್:
ನಾನು ಎರಡು ಪಿಎಂಎಸ್5003, ಇಎಸ್‌ಪಿ32 ಚಿಪ್, ತೇವ ಅಳೆಯೋಕೆ ಎಸ್‌ಎಚ್‌ಟಿ31 ಹಾಕಿದೀನಿ. ತೇವ ಆರಲಿ ಅಂತ ಗಾಳಿ ಒಳಗೆ ಬರೋ ಪೈಪಿಗೆ ಸಣ್ಣ ಹೀಟರ್ ಸುತ್ತಿದೀನಿ. 40 ವ್ಯಾಟ್ ಸೋಲಾರ್ ಪ್ಯಾನೆಲ್, ಜೊತೆಗೊಂದು ಬ್ಯಾಟರಿ, ಕರೆಂಟ್ ಮೂರು ದಿನ ಇಲ್ಲದಿದ್ರೂ ನಡೆಯುತ್ತೆ. ಫೋಟೋ ಸಂಜೆ ಹಾಕ್ತೀನಿ.

ತೂತುಕೊಡೆ:
ಅಣ್ಣಾ, ರಾತ್ರಿ ಎರಡಕ್ಕೂ ಬೆಳಗ್ಗೆ ಏಳೂವರೆಗೂ ಎಷ್ಟು ಅಂತರ? ಐದೂವರೆ ಗಂಟೆ! ನೀವು ಇಳಿಸ್ತಿರೋದು ಜಿಎಂಟಿ ಸಮಯ, ನಮ್ಮದಕ್ಕಿಂತ ಅಷ್ಟೇ ಹಿಂದೆ. ಮತ್ತೆ, ಸೆನ್ಸರ್ ಎಲ್ಲಿ ನೇತುಹಾಕಿದೀರಿ?

ಕಣದಮನೆ:
ಅಯ್ಯೋ. ಸಮಯ ಸರಿಮಾಡಿದೆ, ಮೂರೂ ಗೆರೆ ಒಂದೇ ಹೊತ್ತಿಗೆ ಏರ್ತಿವೆ. ಇವತ್ತು ಮಧ್ಯಾಹ್ನ ಎರಡಕ್ಕೆ, ಬಿಸಿಲಲ್ಲಿ: ಸೆನ್ಸರ್ 24, ಕ್ಯಾಮ್ಸ್ 19, ಜಿಯೋಸ್-ಸಿಎಫ್ 31. ಬೆಳಗ್ಗೆ ಮಾತ್ರ ಹಾಗೇ, 104. ಸೆನ್ಸರ್ ಬಚ್ಚಲುಮನೆ ಸೂರಿನ ಕೆಳಗಿದೆ. ವೈಫೈ ಸಿಗೋದೇ ಅಲ್ಲಿ.

ತೂತುಕೊಡೆ:
ಹಂಡೆಗೆ ಬೆಂಕಿ ಹಾಕೋದು ಎಷ್ಟೊತ್ತಿಗೆ?

ಕಣದಮನೆ:
...ಆರೂವರೆಗೆ.

ಏಲಕ್ಕಿ47:
😄 ಮಂಜು ಅರ್ಧ, ಹಂಡೆ ಅರ್ಧ. ಮನೆಯಿಂದ ದೂರ ಇಟ್ಟು, ತೇವ 70% ಒಳಗಿರೋ ಗಂಟೆಗಳನ್ನ ಮಾತ್ರ ತೆಗೆದು ಒಂದು ತಿಂಗಳು ಹೋಲಿಸಿ. ಆಮೇಲೆ ಯಾವ ಮಾಡೆಲ್ ಅಂತ ಮಾತಾಡೋಣ. ಈಗಿನ 19, 31 ನೋಡಿ ಯಾವುದನ್ನೂ ಬಿಡಬೇಡಿ.

ಮಳೆಮಾಪಕ:
ದೂರ ಇಟ್ರೂ ಚೌಕ 40 ಕಿ.ಮೀ.ಯೇ. ಬರೆದಿಟ್ಕೊಳ್ಳಿ.

ಕಣದಮನೆ:
ಕಾಫಿ ಕಣದ ಆಚೆ ಕಂಬಕ್ಕೆ ಕಟ್ತೀನಿ. ವೈಫೈ ಅಲ್ಲಿಗೆ ಬರಲ್ಲ, ಕಾರ್ಡಿಗೆ ಬರೆಸಬೇಕು. ಈಗ ಕರೆಂಟ್ ಹೋಯ್ತು, ಮೊಬೈಲಲ್ಲಿ ಟೈಪ್ ಮಾಡ್ತಿದೀನಿ.

ಬೆಟ್ಟದಮೇಲೆ:
@ಗೋಣಿಕೊಪ್ಪ_ಸೋಲಾರ್ ಆ ಬ್ಯಾಟರಿ ಎಷ್ಟಕ್ಕೆ ತಗೊಂಡ್ರಿ?