ಬಯೋಸ್ ಅಪ್‌ಡೇಟ್ ಆದಮೇಲೆ ಪಿಸಿ ಆನ್ ಆಗೋದು ತುಂಬಾ ತಡ. ಯಾರಿಗಾದರೂ ಹೀಗಾಗಿತ್ತಾ?

ಪ್ರಶ್ನೆ, ವಿಜಯನಗರದಿಂದ

ನಮಸ್ಕಾರ. ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಅವಳಿಗೆ ಅಂತ ಕಳೆದ ವರ್ಷ ಎಸ್‌ಪಿ ರೋಡಿನಲ್ಲಿ ಪಿಸಿ ಅಸೆಂಬಲ್ ಮಾಡಿಸಿದೆ. ರೈಜನ್ 7600, ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ, ವಿಂಡೋಸ್ 11. ಬಟನ್ ಒತ್ತಿದ 25 ಸೆಕೆಂಡಿಗೆ ಡೆಸ್ಕ್‌ಟಾಪ್ ಬರುತ್ತಿತ್ತು. ಹೋದ ಭಾನುವಾರ ಬಯೋಸ್ (ವಿಂಡೋಸ್‌ಗೂ ಮುಂಚೆ ಓಡುವ, ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದೆ. ಅದು ಸರಿಯಾಗೇ ಮುಗಿಯಿತು. ಆವತ್ತಿನಿಂದ ಪ್ರತಿ ಸಲ ಆನ್ ಮಾಡಿದಾಗಲೂ ಒಂದು ನಿಮಿಷ ಪರದೆ ಕಪ್ಪಾಗಿರುತ್ತದೆ. ಫ್ಯಾನ್ ತಿರುಗುತ್ತದೆ, ಬೋರ್ಡಿನ ಮೂಲೆಯಲ್ಲಿ ಹಳದಿ ದೀಪ ಉರಿಯುತ್ತದೆ. ಆಮೇಲೆ ವಿಂಡೋಸ್ ಎಂದಿನಂತೆ ಬರುತ್ತದೆ, ಕೆಲಸವೂ ಸರಾಗ. ಅಂಗಡಿಯವರು ವಿಂಡೋಸ್ ಹೊಸದಾಗಿ ಹಾಕಿಸಿ ಅಂದರು. ಮಗಳ ಸಬ್‌ಮಿಷನ್ ಹತ್ತಿರ ಬಂದಿದೆ, ಈಗ ಫಾರ್ಮ್ಯಾಟ್ ಮಾಡಲು ಭಯ. ಏನು ಮಾಡಲಿ?

ಮಲ್ಲೇಶ್ವರದಿಂದ

ಸರ್, ಫಾರ್ಮ್ಯಾಟ್ ಮಾಡಲೇಬೇಡಿ. ಮೊದಲು ಸಮಯ ಎಲ್ಲಿ ಹೋಗುತ್ತಿದೆ ನೋಡಿ. ಟಾಸ್ಕ್ ಮ್ಯಾನೇಜರ್ ತೆಗೆದು ಸ್ಟಾರ್ಟಪ್ ಆ್ಯಪ್ಸ್‌ಗೆ ಹೋಗಿ. ಮೇಲೆ ಬಲಗಡೆ ಲಾಸ್ಟ್ ಬಯೋಸ್ ಟೈಮ್ ಅಂತ ಒಂದು ಸಂಖ್ಯೆ ಇರುತ್ತದೆ. ವಿಂಡೋಸ್ ಶುರುವಾಗುವ ಮುಂಚೆ ಬೋರ್ಡ್ ತೆಗೆದುಕೊಂಡ ಸೆಕೆಂಡು ಅದು. ಅಲ್ಲೇ 50, 60 ಇದ್ದರೆ ವಿಂಡೋಸಿನ ತಪ್ಪು ಏನೂ ಇಲ್ಲ. ನಾನು ಇದು ಗೊತ್ತಿಲ್ಲದೆ ಎರಡು ಸಲ ವಿಂಡೋಸ್ ಹಾಕಿದ್ದೆ. ಎರಡೂ ಸಲ ಅಷ್ಟೇ ತಡ.

ಲಿನಕ್ಸ್ ಇರುವವರು ಟರ್ಮಿನಲ್‌ನಲ್ಲಿ ಸಿಸ್ಟಮ್‌ಡಿ-ಅನಲೈಸ್ ಕೊಟ್ಟರೆ ಸಾಕು. ಫರ್ಮ್‌ವೇರ್‌ಗೆ (ಅಂದರೆ ಬಯೋಸ್‌ಗೆ) ಎಷ್ಟು, ಕರ್ನಲ್‌ಗೆ ಎಷ್ಟು ಅಂತ ಬಿಡಿಸಿ ತೋರಿಸುತ್ತದೆ.

ಬನಶಂಕರಿಯಿಂದ

ಹಳದಿ ದೀಪ ಅಂದಿರಲ್ಲ, ಅದರ ಪಕ್ಕ ಏನು ಬರೆದಿದೆ ಅಂತ ಟಾರ್ಚ್ ಹಾಕಿ ನೋಡಿ. ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಇರುತ್ತವೆ. ನಿಮ್ಮದು ಡಿರ‍್ಯಾಮ್ ಆಗಿದ್ದರೆ ನಾನೂ ಇದನ್ನೇ ಅನುಭವಿಸಿದ್ದೇನೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಭಾವನ ಪಿಸಿಯೂ ಇದೇ ತಲೆಮಾರಿನದು, ರ‍್ಯಾಮ್ ಮಾತ್ರ 64 ಜಿಬಿ. ಬಯೋಸ್ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಯಿತು. ಪರದೆ ಕಪ್ಪು. ಎರಡು ನಿಮಿಷ, ಮೂರು ನಿಮಿಷ. ಭಾವ ಪ್ಲಗ್ಗಿಗೆ ಕೈ ಹಾಕಿದ್ದರು, ನಾನು ತಡೆದೆ. ಆರನೇ ನಿಮಿಷಕ್ಕೆ ಚಿತ್ರ ಬಂತು. ಆ ಹೊತ್ತಿನಲ್ಲಿ ನಡೆಯುವುದು ಮೆಮೊರಿ ಟ್ರೇನಿಂಗ್. ಡಿಡಿಆರ್5 ರ‍್ಯಾಮ್ ಎಷ್ಟು ವೇಗವಾಗಿ ಓಡುತ್ತದೆ ಅಂದರೆ, ಪ್ರೊಸೆಸರ್‌ಗೂ ರ‍್ಯಾಮಿಗೂ ನಡುವೆ ಸಿಗ್ನಲ್ ಯಾವ ಕ್ಷಣಕ್ಕೆ, ಯಾವ ವೋಲ್ಟೇಜಿಗೆ ಶುದ್ಧವಾಗಿ ತಲುಪುತ್ತದೆ ಅಂತ ಮೊದಲೇ ಅಳೆದು ನೋಡಿಕೊಳ್ಳಬೇಕು. ಕಛೇರಿಗೆ ಮುಂಚೆ ತಂಬೂರಿ ಶ್ರುತಿ ಮಾಡಿಕೊಳ್ಳುವ ಹಾಗೆ. ರ‍್ಯಾಮ್ ಜಾಸ್ತಿ ಇದ್ದಷ್ಟೂ ಸಾಮಾನ್ಯವಾಗಿ ಹೊತ್ತು ಜಾಸ್ತಿ. ನಾಲ್ಕು ಕಡ್ಡಿ ಹಾಕಿದ್ದರೆ ಇನ್ನೂ ತಡ.

ಅಪ್‌ಡೇಟ್ ಆದಮೇಲೆ ಒಂದು ಸಲ ಹೀಗಾಗುವುದು ಸಹಜ. ಪ್ರತಿ ದಿನ ಆಗಬಾರದು. ಒಂದು ಸಲ ಮಾಡಿಕೊಂಡ ಶ್ರುತಿಯನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅದನ್ನೇ ಬಳಸಲು ಒಂದು ಸೆಟ್ಟಿಂಗ್ ಇದೆ. ಹೆಸರು ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್. ಅಪ್‌ಡೇಟ್ ಮಾಡಿದಾಗ ಸಾಮಾನ್ಯವಾಗಿ ಬಯೋಸ್ ಸೆಟ್ಟಿಂಗ್ ಎಲ್ಲ ಕಂಪನಿಯಿಂದ ಬಂದಾಗ ಇದ್ದ ಹಾಗೆ ಆಗಿಬಿಡುತ್ತವೆ. ಇದೂ ಆಟೋಗೆ ಹೋಗಿರುತ್ತದೆ. ಹಳೆ ಬಯೋಸ್‌ನಲ್ಲಿ ಆಟೋ ಅಂದರೆ ಆನ್ ಅಂತ ಇದ್ದರೂ ಹೊಸದರಲ್ಲಿ ಆಫ್ ಅಂತ ಇರಬಹುದು. ಭಾವನ ಪಿಸಿಯಲ್ಲಿ ಆಗಿದ್ದು ಇದೇ.

ಆನ್ ಮಾಡುವಾಗ ಡಿಲೀಟ್ ಕೀ ಒತ್ತುತ್ತಾ ಇರಿ, ಬಯೋಸ್ ಬರುತ್ತದೆ. ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ ರ‍್ಯಾಮ್ ಸೆಟ್ಟಿಂಗ್ ಇರುವ ಕಡೆ ಹುಡುಕಿ. ಒಂದೊಂದು ಬೋರ್ಡಿನಲ್ಲಿ ಒಂದೊಂದು ಜಾಗ. ಸಿಕ್ಕಿದ ಮೇಲೆ ಎನೇಬಲ್ ಮಾಡಿ. ಅದರ ಜೊತೆಗೇ ಪವರ್ ಡೌನ್ ಎನೇಬಲ್ ಅಂತ ಇನ್ನೊಂದು ಇರುತ್ತದೆ, ಅದನ್ನೂ ಆನ್ ಮಾಡಿ. ಮೊದಲನೆಯದನ್ನು ಮಾತ್ರ ಆನ್ ಮಾಡಿ ಎರಡನೆಯದನ್ನು ಆಫ್ ಬಿಟ್ಟಾಗ ಭಾವನ ಪಿಸಿ ಎರಡು ದಿನಕ್ಕೊಮ್ಮೆ ನೀಲಿ ಪರದೆ ತೋರಿಸಿತು. ಎರಡೂ ಆನ್ ಮಾಡಿದಮೇಲೆ ನಿಂತಿತು. ಆಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ ಬಿಡಿ. ಒಂದೇ ಒಂದು ಎರರ್ ಬಂದರೂ ಈ ಸೆಟ್ಟಿಂಗ್ ವಾಪಸ್ ಆಫ್ ಮಾಡಿ. ಮಗಳ ಡ್ರಾಯಿಂಗ್ ಫೈಲ್ ಕೆಡುವುದಕ್ಕಿಂತ ಒಂದು ನಿಮಿಷ ಕಾಯುವುದು ವಾಸಿ ಅಲ್ವಾ.

ಹಾಗೇ ಎಕ್ಸ್‌ಪೋ, ಅಂದರೆ ರ‍್ಯಾಮನ್ನು ಡಬ್ಬದ ಮೇಲೆ ಬರೆದ ವೇಗಕ್ಕೆ ಓಡಿಸುವ ಸೆಟ್ಟಿಂಗ್, ಅದೂ ಆಫ್ ಆಗಿರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಸ್ಪೀಡ್ ನೋಡಿ. ನೀವು 6000ದ ರ‍್ಯಾಮ್‌ಗೆ ದುಡ್ಡು ಕೊಟ್ಟು ಅಲ್ಲಿ 4800 ಅಂತ ತೋರಿಸುತ್ತಿದ್ದರೆ ಅದನ್ನು ಮತ್ತೆ ಆನ್ ಮಾಡಬೇಕು. ಹಳೆ ಬಯೋಸ್‌ಗೆ ವಾಪಸ್ ಹೋಗಬೇಡಿ. ಕೆಲವು ಬೋರ್ಡ್ ಅದಕ್ಕೆ ಬಿಡುವುದೂ ಇಲ್ಲ. ಒಂದು ಸೆಟ್ಟಿಂಗ್‌ನಲ್ಲಿ ಮುಗಿಯುವ ಕೆಲಸಕ್ಕೆ ಎರಡನೇ ಸಲ ಫ್ಲಾಶ್ ಮಾಡುವ (ಬೋರ್ಡಿಗೆ ಬಯೋಸ್ ಬರೆಯುವ) ಅಪಾಯ ಯಾಕೆ? ನಮ್ಮ ಕಡೆ ಮಳೆ ಬಂದರೆ ಕರೆಂಟ್ ಹೋಗುತ್ತದೆ. ಫ್ಲಾಶ್ ಆಗುತ್ತಿರುವಾಗ ಹೋದರೆ ಬೋರ್ಡೇ ಹೋಗಬಹುದು.

ರಾಜಾಜಿನಗರದಿಂದ

ಬಯೋಸ್ ಒಳಗೆ ಕೈ ಹಾಕುವ ಮುಂಚೆ ಒಂದು ಮಾತು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿಕೊಳ್ಳಿ. ವಿಂಡೋಸ್ 11ರ ಕೆಲವು ಪಿಸಿಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗಿರುತ್ತದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಅನ್ನುವ ಭದ್ರತೆಯ ಸೆಟ್ಟಿಂಗ್ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇದ್ದರೆ ಈಗಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ತಮ್ಮ ಬರೆದಿಟ್ಟಿರಲಿಲ್ಲ. ಯಾವ ಇಮೇಲ್‌ನಿಂದ ಲಾಗಿನ್ ಆಗಿದ್ದೆ ಅಂತ ನೆನಪು ಮಾಡಿಕೊಳ್ಳುವುದರಲ್ಲೇ ಅವನ ಒಂದು ದಿನ ಹೋಯಿತು. ಮದುವೆ ಫೋಟೋ ಎಲ್ಲ ಅದೇ ಡಿಸ್ಕಲ್ಲಿ ಇದ್ದವು.

ಹೆಬ್ಬಾಳದಿಂದ

ನನ್ನದು ಬೇರೆ ಕಾರಣ, ಬೇರೆಯವರಿಗೆ ಉಪಯೋಗ ಆಗಬಹುದು. ನನ್ನದು ಆರು ವರ್ಷದ ಹಳೆ ಡಿಡಿಆರ್4 ಪಿಸಿ. ಅಪ್‌ಡೇಟ್ ಆದಮೇಲೆ ಸೆಟ್ಟಿಂಗ್ ಸರಿ ಮಾಡಿ ಸೇವ್ ಮಾಡುತ್ತಿದ್ದೆ, ಬೆಳಿಗ್ಗೆ ನೋಡಿದರೆ ಎಲ್ಲ ಮಾಯ. ಗಡಿಯಾರವೂ ಹಿಂದೆ ಹೋಗಿರುತ್ತಿತ್ತು. ನಮ್ಮ ಮನೆಯಲ್ಲಿ ರಾತ್ರಿ ಮಲಗುವ ಮುಂಚೆ ಅಮ್ಮ ಗೋಡೆಯ ಸ್ವಿಚ್ ಆಫ್ ಮಾಡುತ್ತಾರೆ. ಆಗ ಬೋರ್ಡಿಗೆ ಆಸರೆ ಅಂದರೆ ಒಳಗಿನ ಸಿಆರ್2032 ಸೆಲ್ ಒಂದೇ, ನಾಣ್ಯದಂಥದ್ದು. 3 ವೋಲ್ಟ್ ಇರಬೇಕಾದ್ದು ಮೀಟರ್ ಹಿಡಿದರೆ 2.4 ಇತ್ತು. ಹೊಸ ಸೆಲ್ ಹಾಕಿದೆ, ಮುಗಿಯಿತು. ನಿಮ್ಮ ಗಡಿಯಾರ ಸರಿ ಇದ್ದರೆ ಇದರ ಯೋಚನೆ ಬೇಡ.

ವಿಜಯನಗರದಿಂದ ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಮಗಳೂ ನಾನೂ ಕೂತು ಒಂದೊಂದಾಗಿ ನೋಡಿದೆವು. ಲಾಸ್ಟ್ ಬಯೋಸ್ ಟೈಮ್ 61.3 ಇತ್ತು. ದೀಪದ ಪಕ್ಕ ಡಿರ‍್ಯಾಮ್ ಅಂತಲೇ ಇದೆ. ಗಡಿಯಾರ ಸರಿ ಇದೆ. ಬಿಟ್‌ಲಾಕರ್ ಆನ್ ಇತ್ತು, ನಮಗೆ ಗೊತ್ತೇ ಇರಲಿಲ್ಲ. ಕೀಯನ್ನು ಅವಳ ಡ್ರಾಯಿಂಗ್ ಪುಸ್ತಕದ ಕೊನೇ ಪುಟದಲ್ಲಿ ಬರೆದಿಟ್ಟೆವು, ಆಮೇಲೆ ಬಯೋಸ್‌ಗೆ ಹೋದೆವು.

ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆಟೋದಲ್ಲಿತ್ತು. ಅದನ್ನೂ ಪವರ್ ಡೌನ್ ಅನ್ನೂ ಎನೇಬಲ್ ಮಾಡಿದೆವು. ಎಕ್ಸ್‌ಪೋ ನಿಜಕ್ಕೂ ಆಫ್ ಆಗಿತ್ತು, ಅದನ್ನೂ ಆನ್ ಮಾಡಿದೆವು. ಮೊದಲ ಸಲ ಮತ್ತೆ ಎರಡು ನಿಮಿಷ ಕಪ್ಪು ಪರದೆ. ನೀವು ಹೇಳಿದ್ದು ನೆನಪಿತ್ತು, ಸುಮ್ನೆ ಕಾದೆವು. ಎರಡನೇ ಸಲ 22 ಸೆಕೆಂಡ್. ಇನ್ನೂ ಏನೋ ಉಳಿದಿದೆ ಅನ್ನಿಸಿ ಹಿಂದೆ ಸಿಕ್ಕಿಸಿದ್ದ ಬ್ಯಾಕಪ್ ಹಾರ್ಡ್ ಡಿಸ್ಕ್ ತೆಗೆದೆ. 15.4ಕ್ಕೆ ಇಳಿಯಿತು. ಬೂಟ್ ಪಟ್ಟಿಯಲ್ಲಿ ಅದು ಎಸ್‌ಎಸ್‌ಡಿಗಿಂತ ಮೇಲೆ ಹೋಗಿ ಕೂತಿತ್ತು. ಎಸ್‌ಎಸ್‌ಡಿಯನ್ನು ಮೇಲಕ್ಕೆ ತಂದೆ. ಈಗ ಡಿಸ್ಕ್ ಸಿಕ್ಕಿಸಿದ್ದರೂ 16ರ ಒಳಗೇ ಇದೆ.

ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ಎರರ್ ಸೊನ್ನೆ. ಬೆಳಿಗ್ಗೆ ಮಗಳೇ ಬಟನ್ ಒತ್ತಿದಳು. ಹಳದಿ ದೀಪ ಒಂದು ಸಲ ಮಿನುಗಿ ಆರಿತು.