ಬ್ಯಾಡಗಿ ಮೆಣಸಿನಕಾಯಿ ದರದ ಫೈಲ್: ಲೂಪ್ ನಡುವ ‘ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್’

ಪ್ರಶ್ನೆ (ಹಾವೇರಿ)
ಬ್ಯಾಡಗಿ ಮಾರುಕಟ್ಟೆ ದರದ ಸಿಎಸ್‌ವಿ (ಕಾಮಾದಿಂದ ಕಾಲಮ್ ಬೇರ್ಪಡಿಸಿದ) ಫೈಲ್ ಐತ್ರಿ. ತಾರೀಖು, ತಳಿ, ಚೀಲ, ಕನಿಷ್ಠ, ಗರಿಷ್ಠ, ಮಾದರಿ ದರ, ಒಟ್ಟು 6 ಕಾಲಮ್. ಪೈಥಾನ್‌ದಾಗ ಸಾಲನ್ನ ಕಾಮಾಕ್ಕ ಸ್ಪ್ಲಿಟ್ ಮಾಡಿ, ಸಾಲು[5] (ಎಣಿಕಿ 0ರಿಂದ, ಹಂಗಾಗಿ 6ನೇ ಕಾಲಮ್, ಮಾದರಿ ದರ) ತಗೊಂಡು ಹಿಂದಿನ ಸಾಲಿನ ದರದ ಜೋಡಿ ಹೋಲಿಸ್ತೀನಿ. ಚೀಲ ಸೊನ್ನೆ ಇದ್ದ ಸಾಲನ್ನ ಅದೇ ಲೂಪಿನ್ಯಾಗ ಪಟ್ಟಿಯಿಂದ ಡೆಲ್ ಮಾಡ್ತೀನಿ (ತಗದು ಹಾಕ್ತೀನಿ). ಅರ್ಧಕ್ಕ ಇಂಡೆಕ್ಸ್‌ಎರರ್ (ಪಟ್ಟಿಯೊಳಗ ಇಲ್ಲದ ಜಾಗ ಕೇಳಿದ್ರ ಬರೂ ಎರರ್) ಬರತೈತಿ. ಕೆಲವು ಕಡೆ ಮಾದರಿ ದರದ ಜಾಗದಾಗ "42 ಅಂತ ತುಂಡಷ್ಟ ಸಿಗತೈತಿ. ಎಲ್ಲಿಂದ ಹುಡುಕಬೇಕ್ರಿ?

ಉತ್ತರ 1 (ಧಾರವಾಡ)
ಮೊದ್ಲ ಟ್ರೇಸ್‌ಬ್ಯಾಕ್ (ಎರರ್ ಎಲ್ಲಿ ಬಂತು ಅಂತ ಪೈಥಾನ್ ತೋರಸೂ ವರದಿ) ಕಡೀಕ ತೋರಸೂ ಕೋಡಿನ ಸಾಲು ಓದ್ರಿ. ಸಾಲು[5] ಮ್ಯಾಲ ಬಿದ್ದಿದ್ರ ಆ ಸಾಲಿನ್ಯಾಗ ಕಾಲಮ್ ಕಡಿಮಿ ಅದಾವ. ಪಟ್ಟಿ[ಐ] (ಎಲ್ಲಾ ಸಾಲಿನ ಪಟ್ಟಿ, ಐ ಅಂದ್ರ ಲೂಪಿನ ಎಣಿಕಿ) ಮ್ಯಾಲ ಬಿದ್ದಿದ್ರ ಎಣಿಕಿ ಪಟ್ಟಿ ದಾಟಿ ಹೋಗೈತಿ. ಎರಡೂ ಬ್ಯಾರೆ ರೋಗ. ಎರರ್ ಬಿದ್ದ ಕೋಡಿನ ಸಾಲಿನ ಮ್ಯಾಲ ಐ, ಲೆನ್(ಸಾಲು) (ಎಷ್ಟು ತುಂಡು ಅಂತ), ರೆಪ್ರ್(ಸಾಲು) ಪ್ರಿಂಟ್ ಮಾಡ್ರಿ. ರೆಪ್ರ್ ಯಾಕಂದ್ರ ಕಣ್ಣಿಗೆ ಕಾಣದ ಸ್ಪೇಸ್, ನ್ಯೂಲೈನ್ ಎಲ್ಲಾ ತೋರಸತೈತಿ. ಫೈಲಿನ ಕಡೀಕ ಖಾಲಿ ಸಾಲಿದ್ರ ಕಾಮಾ ಸ್ಪ್ಲಿಟ್ ಒಂದೇ ತುಂಡು ಕೊಡತೈತಿ, [5] ಎಲ್ಲಿಂದ ಬರಬೇಕು?

"42 ಬರೂ ಕಾರಣ ಹಿಂಗ: ಕನಿಷ್ಠ "38,000" ಒಡದು 3, 4ನೇ ಜಾಗ ಹಿಡಿತು. ಗರಿಷ್ಠ "42,500"ರ ಮೊದಲ ಅರ್ಧ 5ಕ್ಕ ಬಂತು. ಸ್ಪ್ಲಿಟ್ ಬಿಟ್ಟು ಪೈಥಾನಿನ ಸಿಎಸ್‌ವಿ.ರೀಡರ್ ಹಚ್ಚ್ರಿ, ಕೋಟ್ ಒಳಗಿನ ಕಾಮಾ ಅದು ಒಡೆಯೂದಿಲ್ಲ. ಆಮ್ಯಾಲ ಕಾಮಾ ತಗದು ಇಂಟ್ (ಪೂರ್ಣಾಂಕ) ಮಾಡೂದು ಮರೀಬ್ಯಾಡ್ರಿ. ಅಕ್ಷರವಾಗೇ ಹೋಲಿಸಿದ್ರ "9500" ದೊಡ್ಡದು, "42500" ಸಣ್ಣದು ಆಗತೈತಿ. ಖಾಲಿ ಸಾಲಿಗೆ ರೀಡರ್ ಖಾಲಿ ಲಿಸ್ಟ್ ಕೊಡತೈತಿ. ಹಂಗಾಗಿ ಲೆನ್ 6 ಇಲ್ಲದ ಸಾಲನ್ನ ಅದರ ನಂಬರ್ ಸಮೇತ ಬ್ಯಾರೆ ಫೈಲಿಗೆ ಬರದು ಮುಂದ ಹೋಗ್ರಿ. ಟ್ರೈ–ಎಕ್ಸೆಪ್ಟ್ ಹಾಕಿ ಪಾಸ್ ಅಂದು ಎರರನ್ನ ಮುಚ್ಚಬ್ಯಾಡ್ರಿ, ಯಾವ ದಿನದ ದರ ಹೋತು ಅಂತ ಗೊತ್ತಾಗೂದೇ ಇಲ್ಲ.

ಉತ್ತರ 2 (ಗದಗ)
ಡೆಲ್ ಮಾಡೂದೂ ತಪ್ಪೈತಿ. ರೇಂಜ್(ಲೆನ್(ಪಟ್ಟಿ)) ಲೂಪ್ ಶುರುವಾಗೂ ಮುಂದ ಒಮ್ಮೆ ಮಾತ್ರ ಲೆಕ್ಕ ಆಗತೈತಿ. 10 ಸಾಲಿನ್ಯಾಗ ಒಂದು ತಗದ್ರ ಉಳದದ್ದು 0ರಿಂದ 8. ಐ ಮಾತ್ರ 9ರ ತನಕ ಹೋಗತೈತಿ. ಇನ್ನೊಂದು, 3ನೇದು ತಗದ್ರ 4ನೇದು ಅದರ ಜಾಗಕ್ಕ ಸರಿತೈತಿ, ಐ 4ಕ್ಕ ಜಿಗಿತೈತಿ. ಸೊನ್ನೆ ಚೀಲದ ಸಾಲು ಎರಡು ಬೆನ್ನಿಗೆ ಬೆನ್ನು ಇದ್ರ ಎರಡನೇದು ಉಳಕೋತೈತಿ. ಡೆಲ್ ಬ್ಯಾಡ, ಬೇಕಾದ ಸಾಲಷ್ಟ ಹೊಸ ಪಟ್ಟಿಗೆ ಅಪೆಂಡ್ ಮಾಡ್ರಿ.

ಉತ್ತರ 3 (ಹುಬ್ಬಳ್ಳಿ)
ಎರರ್ ಬಂದ್ರ ಪಾಡ, ಬರದೇ ಇದ್ದದ್ದು ಇನ್ನೂ ಕೆಟ್ಟದ್ದು. ಐ ಸೊನ್ನೆ ಇದ್ದಾಗ ಪಟ್ಟಿ[ಐ-1] ಅಂದ್ರ ಪಟ್ಟಿ[-1], ಅಂದ್ರ ಕಡೀ ಸಾಲು. ಪೈಥಾನ್ ಸುಮ್ನ ಅದನ್ನ ಕೊಟ್ಟುಬಿಡತೈತಿ. ಹಿಂದಿನದು ನೋಡೂ ಲೂಪನ್ನ 1ರಿಂದ ಶುರು ಮಾಡಬೇಕು.

ಆದ್ರ ನಿಮ್ಮ ಫೈಲಿನ್ಯಾಗ ಒಂದೇ ದಿನಕ್ಕ ಕಡ್ಡಿ, ಡಬ್ಬಿ, ಗುಂಟೂರು ಸಾಲುಸಾಲಾಗಿ ಇದ್ರ ‘ಹಿಂದಿನ ಸಾಲು’ ಬ್ಯಾರೆ ತಳೀದು. ಡಬ್ಬಿ ದರ ಕಡ್ಡಿ ದರಕ್ಕ ಹೋಲಿಸಿ ಏರಿಳಿತ ಹೇಳಿದ್ರ ಅರ್ಥ ಇಲ್ರಿ. ತಾರೀಖಿನ ಪ್ರಕಾರ ಸಾರ್ಟ್ ಮಾಡಿ, ತಳಿ ಕೀ ಆಗಿರೋ ಡಿಕ್ಷನರಿಯೊಳಗ ಆ ತಳಿಯ ಕೊನೇ ದರ ಇಟ್ಕೋರಿ. ಹೊಸ ಸಾಲು ಬಂದಾಗ ಗೆಟ್(ತಳಿ) ಅಂತ ಕೇಳ್ರಿ. ‘None’ (ಏನೂ ಇಲ್ಲ) ಅಂತ ಬಂದ್ರ ಅದು ಆ ತಳಿಯ ಮೊದಲ ದಿನ, ಹೋಲಿಕಿ ಬ್ಯಾಡ. ಲೂಪಿನ್ಯಾಗ ಐ ಬೇಕಾಗೂದೇ ಇಲ್ಲ.